ಕಬ್ಬನ್ ಪಾರ್ಕಿಗೆ ಅದರ ನೆಲ ಮರಳಲಿ

ಬೆಂಗಳೂರಿನ ಕಬ್ಬನ್ ಪಾರ್ಕಿನ ಮಾತು ಬಂದರೆ ಎಲ್ಲರೂ ಮರಗಳಿಂದ ಶುರುಮಾಡುತ್ತಾರೆ. ನಾನು ಇವತ್ತು ರಸ್ತೆಗಳಿಂದ ಶುರುಮಾಡುತ್ತೇನೆ. ವಾರದ ದಿನ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಹಡ್ಸನ್ ವೃತ್ತದ ಕಡೆಯ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಕಾರು, ಆಟೊ, ಸ್ಕೂಟರು ಒಂದರ ಹಿಂದೊಂದು ಒಳಗೆ ನುಗ್ಗುತ್ತಿರುತ್ತವೆ. ಪಾರ್ಕಿಗೆಂದೇ ಬಂದವರು ಅವುಗಳಲ್ಲಿ ತೀರ ಕಡಿಮೆ. ಉಳಿದವರಿಗೆಲ್ಲ ಅದು ವಿಧಾನಸೌಧದ ಕಡೆಗೋ ಕಸ್ತೂರಬಾ ರಸ್ತೆಗೋ ಮಿನ್ಸ್ಕ್ ಚೌಕಕ್ಕೋ ಬೇಗ ತಲುಪಿಸುವ ಅಡ್ಡದಾರಿ. ಅವರನ್ನು ನಾನು ದೂರುವುದಿಲ್ಲ. ದಾರಿ ತೆರೆದಿದ್ದರೆ ಯಾರಾದರೂ ಹೋಗುತ್ತಾರೆ. ನನ್ನ ತಕರಾರಿರುವುದು ಆ ದಾರಿಯ ಮೇಲೆ. ಕಬ್ಬನ್ ಪಾರ್ಕನ್ನು ಉಳಿಸುವ ಮಾತು ನಿಜವಾಗಬೇಕಾದರೆ ಅದರ ನಡುವೆ ಹಾದುಹೋಗುವ ವಾಹನಗಳು ನಿಲ್ಲಬೇಕು, ಆ ವಾಹನಗಳಿಗಾಗಿ ಮುಚ್ಚಿದ ನೆಲ ಮತ್ತೆ ತೆರೆಯಬೇಕು. ಬೇರೆ ಎಲ್ಲ ಕೆಲಸ ಇದರ ಆಮೇಲಿನದು.

ಈ ಪಾರ್ಕು ರೂಪುಗೊಂಡದ್ದು 1870ರಲ್ಲಿ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಇದರ ನಕ್ಷೆ ಹಾಕಿದರು. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಅದಕ್ಕೆ ಎರಡು ವರ್ಷ ಮೊದಲೇ, 1868ರಲ್ಲಿ, ಅವರ ಕೈಯಲ್ಲೇ ಎದ್ದಿತ್ತು. ಕಚೇರಿಯ ಮುಂದಿನ ಬಯಲನ್ನು ನೂರು ಎಕರೆಯಷ್ಟು ಉದ್ಯಾನವಾಗಿಸಿದರು. ಮೊದಲು ಮೀಡ್ಸ್ ಪಾರ್ಕ್ ಎಂಬ ಹೆಸರಿತ್ತು, ಆಮೇಲೆ ಹಳೆಯ ಕಮಿಷನರ್ ಮಾರ್ಕ್ ಕಬ್ಬನ್ ಹೆಸರು ನಿಂತಿತು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, 1927ರಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಹೆಸರು ಬಂತು. ಊರಿನ ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕೇ. ತೋಟಗಾರಿಕೆ ಇಲಾಖೆಯ ಲೆಕ್ಕದಲ್ಲಿ ಇದು ಹಿಗ್ಗುತ್ತಾ ಸುಮಾರು ಮುನ್ನೂರು ಎಕರೆಗೆ ಬಂದು ನಿಂತಿದೆ. ಆ ಎಕರೆಗಳ ಒಳಗೇ ವಸ್ತುಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯ, ಬಾಲಭವನ, ಪ್ರೆಸ್ ಕ್ಲಬ್, ಟೆನಿಸ್ ಅಂಗಳ, ಸೆಂಚುರಿ ಕ್ಲಬ್ ಎಲ್ಲ ಬಂದು ಕೂತಿವೆ. ಸ್ಯಾಂಕಿ ಹಾಕಿಸಿದ ದಾರಿಗಳು ಜಟಕಾ, ಕುದುರೆ ಸಾರೋಟುಗಳ ಕಾಲದವು. ಗಾಡಿಯಲ್ಲಿ ಕೂತು ನೆರಳಲ್ಲಿ ಒಂದು ಸುತ್ತು ಹಾಕಿ ಮನೆಗೆ ಹೋಗುವವರಿಗೆ ಮಾಡಿದ ದಾರಿಗಳವು. ಅವುಗಳ ಬಾಗು, ತಿರುವು, ಎರಡೂ ಬದಿಯ ಸಾಲುಮರ ನೋಡಿದರೆ ಇವತ್ತಿಗೂ ಅದು ಗೊತ್ತಾಗುತ್ತದೆ.

ಒಂದು ಕೋಟಿಗಿಂತ ಹೆಚ್ಚು ನೋಂದಾಯಿತ ವಾಹನಗಳಿರುವ ಊರಿಗೆ ಅದೇ ದಾರಿಗಳನ್ನು ನಾವು ಬಿಟ್ಟುಕೊಟ್ಟಿದ್ದೇವೆ.

ಪಾರ್ಕಿಗೆ ಕಾನೂನಿನ ಕಾವಲು ಇಲ್ಲವೆಂದಲ್ಲ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ. 1998ರಲ್ಲಿ ಪಾರ್ಕಿನ ಒಂದಷ್ಟು ಭಾಗವನ್ನು ಸಂರಕ್ಷಣೆಯ ಗಡಿಯಿಂದ ಕೈಬಿಡಲು ಹೊರಟಾಗ ಊರಿನ ಜನ ಬೀದಿಗಿಳಿದರು, ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು. ಕಟ್ಟಡ ಬರುತ್ತದೆ ಅಂದರೆ ನಾವು ಎಚ್ಚೆತ್ತುಕೊಳ್ಳುತ್ತೇವೆ. ರಸ್ತೆ ಮಾತ್ರ ಆಗಲೇ ಇದ್ದದ್ದು, ಯಾವಾಗಲೂ ಇರುವುದು ಅನ್ನಿಸಿಬಿಟ್ಟಿದೆ. ವಾಹನ ಹೆಚ್ಚಿದಂತೆ ಅದರ ಅಂಚು ಒಂದೊಂದು ಅಡಿ ಸರಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದೇ ಊರಿನ ಲಾಲ್‌ಬಾಗ್ ನೋಡಿ. ಇನ್ನೂರ ನಲವತ್ತು ಎಕರೆ, ಅದೂ ಊರ ನಡುವೆಯೇ. ಜಯನಗರದಿಂದ ಮಾವಳ್ಳಿಗೆ ಹೋಗುವವರು ಗಾಜಿನಮನೆಯ ಪಕ್ಕದಲ್ಲಿ ಕಾರು ಓಡಿಸಿಕೊಂಡು ಹೋಗುತ್ತೇವೆ ಅಂತ ಕೇಳುವುದಿಲ್ಲ, ಸುತ್ತಿಕೊಂಡು ಹೋಗುತ್ತಾರೆ. ಅಲ್ಲಿ ಗೋಡೆ, ಗೇಟು ಇದೆ, ಅಭ್ಯಾಸ ಹಾಗೆಯೇ ಬೆಳೆದಿದೆ. ಕಬ್ಬನ್ ಪಾರ್ಕಿನಲ್ಲಿ ಅಭ್ಯಾಸ ಬೇರೆಯಾಗಿ ಬೆಳೆಯಿತು. ಅದನ್ನು ಬದಲಿಸಲಾಗದು ಅನ್ನುವುದಕ್ಕೆ ಕಾರಣವಿಲ್ಲ.

ಈಗ ನಿಮ್ಮನ್ನು ಪಾರ್ಕಿನ ಒಂದು ಮಳೆಮರದ ಬುಡಕ್ಕೆ ಕರೆದೊಯ್ಯುತ್ತೇನೆ. ರಸ್ತೆಯಂಚಿನ ದೊಡ್ಡ ಮರ ಯಾವುದಾದರೂ ಆದೀತು. ಮೇಲೆ ನೋಡಿದರೆ ಕೊಡೆಯಂತೆ ಹರಡಿದ ಹಸಿರು. ಬುಡಕ್ಕೆ ಬಂದರೆ ಒಂದು ಕಡೆ ಡಾಂಬರು ಕಾಂಡದ ಹತ್ತಿರದವರೆಗೂ ಬಂದಿರುತ್ತದೆ, ಅದಕ್ಕೆ ಅಂಟಿಕೊಂಡು ಕರ್ಬ್ ಕಲ್ಲು, ಅದರಾಚೆ ನಡೆಯುವವರ ಹಾದಿ. ಬೇರು ಕಲ್ಲನ್ನು ಎತ್ತಿರುತ್ತದೆ, ಎತ್ತಿದ ಕಡೆ ಯಾರೋ ಸಿಮೆಂಟು ಮೆತ್ತಿರುತ್ತಾರೆ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ನೀರು, ಸಾರ ಹೀರುವ ಸಣ್ಣ ಬೇರುಗಳು ಹೆಚ್ಚಿನಂಶ ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ಹರವನ್ನೂ ದಾಟಿ ಹಬ್ಬಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ರಸ್ತೆ ಮಾಡುವಾಗ ಮೊದಲು ಮಣ್ಣನ್ನು ರೋಲರ್ ಹಾಯಿಸಿ ಗಟ್ಟಿ ಮಾಡುತ್ತಾರೆ, ಮೇಲೆ ಜಲ್ಲಿ, ಅದರ ಮೇಲೆ ಡಾಂಬರು. ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಆ ಬದಿಯ ಬೇರು ಉಸಿರುಕಟ್ಟಿ ಹಿಂಜರಿಯುತ್ತದೆ, ಕೊಳೆಯುತ್ತದೆ. ಮರ ಒಂದು ಬದಿಯ ಬೇರಿನ ಮೇಲೆ ಭಾರ ಹಾಕಿ ನಿಂತಿರುತ್ತದೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಅದು ಉರುಳಿದಾಗ ನಾವು ಮಳೆಯನ್ನು ಬೈಯುತ್ತೇವೆ, ಮರ ಹಳೆಯದಾಗಿತ್ತು ಅನ್ನುತ್ತೇವೆ. ಬುಡದ ಮಣ್ಣನ್ನು ನೋಡಿದವರು ಬೇರೆ ಮಾತು ಹೇಳುತ್ತಾರೆ.

ಆ ಮರ ಏನು ಕೊಡುತ್ತಿತ್ತು ಅನ್ನುವುದಕ್ಕೆ ಬೆಂಗಳೂರಿನಲ್ಲೇ ಅಳತೆ ನಡೆದಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಮರವಿರುವ ಬೀದಿ, ಮರವಿಲ್ಲದ ಬೀದಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಾಹ್ನದ ಗಾಳಿಯ ತಾಪ ನೆರಳಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ ಇತ್ತು, ರಸ್ತೆಯ ಮೇಲ್ಮೈ ತಾಪ 27.5 ಡಿಗ್ರಿಯವರೆಗೆ ಕಡಿಮೆ ಇತ್ತು. ಸಾಲುಮರದ ಬೀದಿಯೇ ಇಷ್ಟು ತಂಪು ಕೊಟ್ಟರೆ ಮುನ್ನೂರು ಎಕರೆಯ ತೋಪು ಸುತ್ತಲಿನ ಊರಿಗೆ ಏನು ಕೊಡುತ್ತಿದೆ ಅನ್ನುವುದನ್ನು ನೀವೇ ಊಹಿಸಿಕೊಳ್ಳಬಹುದು.

ವಾಹನದಿಂದ ಆಗುವ ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ, ಅದು ಸದ್ದು. ಹಕ್ಕಿಗೆ ಕೂಗು ಅಂದರೆ ಜೊತೆಗಾತಿಯನ್ನು ಕರೆಯುವುದು, ತನ್ನ ಜಾಗ ಇದು ಅಂತ ಸಾರುವುದು, ಮರಿಗಳಿಗೆ ಅಪಾಯ ತಿಳಿಸುವುದು. ಎಂಜಿನಿನ ಸದ್ದು ತಗ್ಗು ಸ್ವರದ್ದು. ನೆದರ್ಲೆಂಡ್ಸಿನ ಲೈಡನ್ ಪಟ್ಟಣದಲ್ಲಿ ಗದ್ದಲದ ಬೀದಿಗಳ ಬಳಿ ವಾಸಿಸುವ ಗ್ರೇಟ್ ಟಿಟ್ ಹಕ್ಕಿಗಳು ತಮ್ಮ ಹಾಡಿನ ತಗ್ಗು ಸ್ವರಗಳನ್ನು ಬಿಟ್ಟು ಏರುಸ್ವರದಲ್ಲಿ ಹಾಡುತ್ತಿದ್ದುದನ್ನು 2003ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. 2020ರ ಕೊರೊನಾ ಕಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ಸೇತುವೆ, ರಸ್ತೆಗಳು ನಿಶ್ಶಬ್ದವಾದಾಗ ಅಲ್ಲಿನ ಬಿಳಿನೆತ್ತಿಯ ಗುಬ್ಬಿಗಳು ಮೊದಲಿಗಿಂತ ಮೆಲ್ಲಗೆ ಹಾಡಿದವು, ಆದರೂ ಆ ಹಾಡು ಮೊದಲಿಗಿಂತ ದೂರಕ್ಕೆ ಕೇಳಿಸಿತು. ನಮ್ಮಲ್ಲಿ ಮಡಿವಾಳ ಹಕ್ಕಿ ನಸುಕಿನಲ್ಲಿ ಹಾಡುವುದನ್ನು ಕಬ್ಬನ್ ಪಾರ್ಕಿನಲ್ಲಿ ಕೇಳಬೇಕಾದರೆ ವಾಹನ ಶುರುವಾಗುವ ಮೊದಲೇ ಹೋಗಬೇಕು. ಎಂಟು ಗಂಟೆಯ ಮೇಲೂ ಹಕ್ಕಿ ಹಾಡುತ್ತದೋ ಏನೋ, ನಮಗೆ ಕೇಳಿಸುವುದಿಲ್ಲ. ಅದರ ಜೊತೆಗಾತಿಗೂ ಕೇಳಿಸದಿದ್ದರೆ?

ಇದನ್ನೆಲ್ಲ ಊರು ಗಮನಿಸಿಲ್ಲ ಅಂತಲ್ಲ. 2015ರಿಂದ ಭಾನುವಾರಗಳಂದು ಪಾರ್ಕಿನ ರಸ್ತೆಗಳಿಗೆ ವಾಹನ ಬಿಡುವುದನ್ನು ನಿಲ್ಲಿಸಿದರು. ಆಮೇಲೆ ಸಾರ್ವಜನಿಕ ರಜೆಗಳಿಗೂ, ಎರಡನೇ ಮತ್ತು ನಾಲ್ಕನೇ ಶನಿವಾರಗಳಿಗೂ ಅದು ಹಬ್ಬಿತು. ಭಾನುವಾರ ಬೆಳಿಗ್ಗೆ ಹೋದರೆ ರಸ್ತೆಯ ನಡುವೆ ಮಕ್ಕಳು ಸೈಕಲ್ ಕಲಿಯುತ್ತಿರುತ್ತಾರೆ, ಅಜ್ಜ ಅಜ್ಜಿ ಕೈ ಹಿಡಿದು ನಡೆಯುತ್ತಿರುತ್ತಾರೆ, ಬಾಲಭವನದ ಪುಟಾಣಿ ಎಕ್ಸ್‌ಪ್ರೆಸ್ ರೈಲಿಗೆ ಹೋಗುವ ಮಗು ಅಮ್ಮನ ಕೈ ಬಿಟ್ಟು ಓಡಿದರೂ ಯಾರೂ ಗಾಬರಿಯಾಗುವುದಿಲ್ಲ. 2023ರಲ್ಲಿ ಇಲ್ಲಿ ಮರದಡಿ ಸುಮ್ಮನೆ ಕೂತು ಪುಸ್ತಕ ಓದುವ ಕೂಟ ಶುರುವಾಯಿತು, ‘ಕಬ್ಬನ್ ರೀಡ್ಸ್’ ಅಂತ. ಆ ಕೂಟದ ಮಾದರಿ ಬೇರೆ ಬೇರೆ ಊರುಗಳಿಗೂ ಹರಡಿತು. ಸದ್ದಿಲ್ಲದ ಜಾಗ ಸಿಕ್ಕರೆ ಜನ ತಾವಾಗಿಯೇ ಅದಕ್ಕೆ ಒಳ್ಳೆಯ ಉಪಯೋಗ ಹುಡುಕಿಕೊಳ್ಳುತ್ತಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಪಾರ್ಕಿನ ರಸ್ತೆಗಳು ತಿಂಗಳುಗಟ್ಟಲೆ ಖಾಲಿಯಾದವು. ಹಾಗೆಯೇ ಇರಲಿ ಎಂದು ನಡೆಯಲು ಬರುವವರು, ಪರಿಸರದವರು ಸಹಿ ಸಂಗ್ರಹ ಮಾಡಿದರು, ಮನವಿ ಕೊಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಹನಗಳು ಮರಳಿದವು. 2024ರಲ್ಲಿ ಶನಿವಾರದ ಬಿಡುವನ್ನೂ ಪ್ರಾಯೋಗಿಕವೆಂದು ಹೇಳಿ ವಾಹನಗಳಿಗೆ ಬಿಟ್ಟುಕೊಟ್ಟರು. ನನಗೆ ಇದರಿಂದ ನೋವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಹೆಜ್ಜೆ ಮುಂದಿಟ್ಟ ಊರು ಅರ್ಧ ಹೆಜ್ಜೆ ಹಿಂದಕ್ಕೆ ಬಂತು.

ಬೇರೆ ಊರುಗಳು ಇದೇ ಹಾದಿಯಲ್ಲಿ ಹೇಗೆ ನಡೆದವು ಅನ್ನುವುದು ತಿಳಿದಿದ್ದರೆ ಒಳ್ಳೆಯದು. ಸ್ಯಾನ್‌ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್ ಕೂಡ 1870ರ ದಶಕದ್ದು, ಸಾವಿರ ಎಕರೆಯದು. ಅದರ ಪೂರ್ವ ಭಾಗದ ದೊಡ್ಡ ರಸ್ತೆಯನ್ನು 1967ರಿಂದಲೇ ಭಾನುವಾರ ಮುಚ್ಚುತ್ತಿದ್ದರು. 2020ರ ಏಪ್ರಿಲಿನಲ್ಲಿ ಕೊರೊನಾ ಕಾರಣಕ್ಕೆ ಪೂರ್ತಿ ಮುಚ್ಚಿದರು. ಮತ್ತೆ ತೆರೆಯಬೇಕೋ ಬೇಡವೋ ಎಂಬ ವಾದ ಜೋರಾಗಿ ನಡೆಯಿತು. ಅಂಗವಿಕಲರು, ವಯಸ್ಸಾದವರು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಹೇಗೆ ಹೋಗಬೇಕು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅವರಿಗೆ ಬೇರೆ ಪಾರ್ಕಿಂಗ್ ಜಾಗ ಮಾಡಿದರು, ಪಾರ್ಕಿನೊಳಗೆ ಓಡಾಡುವ ಉಚಿತ ಷಟ್ಲ್ ಬಸ್ಸನ್ನು ಸುಧಾರಿಸಿದರು. 2022ರಲ್ಲಿ ನಗರದ ಆಡಳಿತ ಮಂಡಳಿ ಆ ರಸ್ತೆಯನ್ನು ಕಾಯಂ ಆಗಿ ವಾಹನಮುಕ್ತ ಮಾಡಿತು, ಅದೇ ವರ್ಷದ ನವೆಂಬರಿನಲ್ಲಿ ಮತದಾರರೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರು. ಭಾನುವಾರದ ಬಿಡುವು, ಆಮೇಲೆ ಕೊರೊನಾ ಬಿಡುವು, ಇಲ್ಲಿಯವರೆಗೆ ನಮ್ಮ ಕಥೆಯೇ. ಮುಂದಿನ ತಿರುವಿನಲ್ಲಿ ಅವರು ಒಂದು ಕಡೆ ಹೋದರು, ನಾವು ಇನ್ನೊಂದು ಕಡೆ ಬಂದೆವು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕಥೆ ಇನ್ನೂ ಹಳೆಯದು. 1858ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬಿಬ್ಬರ ನಕ್ಷೆ ಸ್ಪರ್ಧೆಯಲ್ಲಿ ಗೆದ್ದಿತು. ಪಾರ್ಕು ಊರನ್ನು ಎರಡು ಪಾಲು ಮಾಡುತ್ತದೆ, ಸರಕಿನ ಗಾಡಿಗಳು ಅಡ್ಡ ಹಾಯಲೇಬೇಕು ಎಂಬುದು ಅವರಿಗೆ ಮೊದಲೇ ಹೊಳೆದಿತ್ತು. ಅದಕ್ಕೆ ನಾಲ್ಕು ಅಡ್ಡರಸ್ತೆಗಳನ್ನು ನೆಲಮಟ್ಟದಿಂದ ಕೆಳಗೆ ತಗ್ಗಿಸಿ ತೋಡಿಸಿದರು. ಮೇಲೆ ಸೇತುವೆ, ಹುಲ್ಲು, ಮರ. ಕೆಳಗೆ ಗಾಡಿ ಹೋಗುತ್ತಿದ್ದರೂ ಮೇಲೆ ನಡೆಯುವವರಿಗೆ ಅದು ಇದ್ದಂತೆಯೇ ಅನ್ನಿಸುವುದಿಲ್ಲ. ಮೋಟಾರು ಬರುವುದಕ್ಕೆ ದಶಕಗಳ ಮುಂಚೆ ಮಾಡಿದ ಕೆಲಸ ಅದು. ಹಾದುಹೋಗುವವರದ್ದೇ ಒಂದು ದಾರಿ, ಪಾರ್ಕಿಗೆ ಬಂದವರದ್ದೇ ಒಂದು ದಾರಿ, ಎರಡನ್ನೂ ಕೂಡಿಸಬಾರದು ಎಂಬುದು ಆ ನಕ್ಷೆಯ ಜೀವಾಳ. ಆಮೇಲೆ ಪಾರ್ಕಿನ ಒಳಗಿನ ಸುತ್ತುದಾರಿಗಳಿಗೂ ಕಾರು ನುಗ್ಗಿದವು. 1966ರಲ್ಲಿ ವಾರಾಂತ್ಯದ ಬಿಡುವು ಶುರುವಾಯಿತು. ಸುತ್ತುದಾರಿಗಳಿಂದ ಕಾರು ಪೂರ್ತಿ ಹೊರಗೆ ಹೋದದ್ದು 2018ರ ಜೂನಿನಲ್ಲಿ. ಐವತ್ತೆರಡು ವರ್ಷ ಬೇಕಾಯಿತು. ತಗ್ಗಿನ ನಾಲ್ಕು ರಸ್ತೆಗಳಲ್ಲಿ ಈಗಲೂ ಬಸ್ಸು ಕಾರು ಓಡುತ್ತವೆ, ಯಾರಿಗೂ ತೊಂದರೆಯಿಲ್ಲ.

ಕಬ್ಬನ್ ಪಾರ್ಕಿನಲ್ಲಿ ನೂರೈವತ್ತು ವರ್ಷದ ಮರಗಳ ಬೇರಿನ ನಡುವೆ ಹಾಗೆ ತಗ್ಗುರಸ್ತೆ ತೋಡಿ ಎಂದು ನಾನು ಹೇಳಲಾರೆ, ಹೇಳಲೂಬಾರದು. ಅದರ ಹಿಂದಿನ ಆಲೋಚನೆಯನ್ನು ಮಾತ್ರ ನಾವು ತೆಗೆದುಕೊಳ್ಳಬಹುದು. ಪಾರ್ಕಿನೊಳಗೆ ಬರುವ ವಾಹನಗಳಲ್ಲಿ ಎರಡು ಬಗೆ. ಒಂದು, ಇಲ್ಲಿಗೇ ತಲುಪಬೇಕಾದದ್ದು: ಗ್ರಂಥಾಲಯಕ್ಕೆ ಪುಸ್ತಕ ತರುವ ವ್ಯಾನು, ಬಾಲಭವನಕ್ಕೆ ಮಕ್ಕಳನ್ನು ತರುವ ಶಾಲಾ ಬಸ್ಸು, ಹೈಕೋರ್ಟಿಗೆ ಬರುವವರು, ಗಾಲಿಕುರ್ಚಿಯಲ್ಲಿ ಬರುವವರನ್ನು ಕರೆತಂದ ಆಟೊ, ಆಂಬುಲೆನ್ಸ್, ಅಗ್ನಿಶಾಮಕ. ಎರಡು, ಸುಮ್ಮನೆ ದಾಟಿಹೋಗುವುದು. ಮೊದಲನೆಯದಕ್ಕೆ ದಾರಿ ಬೇಕೇಬೇಕು. ಆದರೆ ಅದು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬೀಳುವ ದಾರಿ ಆಗಬೇಕಿಲ್ಲ. ಪ್ರತಿ ಸಂಸ್ಥೆಗೂ ಅದಕ್ಕೆ ಹತ್ತಿರದ ಅಂಚಿನಿಂದ ಒಂದು ಗಿಡ್ಡ ದಾರಿ, ಕೊನೆಯಲ್ಲಿ ತಿರುಗಿಸಿಕೊಳ್ಳುವಷ್ಟು ಜಾಗ, ಬಂದ ಗೇಟಿನಲ್ಲೇ ಹೊರಗೆ ಹೋಗುವುದು. ನಡುವಿನ ತುಂಡನ್ನು ಕಿತ್ತರೆ ಹಡ್ಸನ್ ವೃತ್ತದಿಂದ ಒಳಬಂದವರು ಮಿನ್ಸ್ಕ್ ಚೌಕಕ್ಕೆ ಕಾರಿನಲ್ಲಿ ಹೋಗಲಾಗದು, ನಡೆದು, ಸೈಕಲ್ಲಿನಲ್ಲಿ ಹೋಗಬಹುದು. ಅಡ್ಡದಾರಿಯ ಆಸೆ ಅಲ್ಲಿಗೆ ಮುಗಿಯಿತು. ಪೊಲೀಸರು ದಿನವೂ ಬ್ಯಾರಿಕೇಡ್ ಎಳೆಯಬೇಕಾಗಿಲ್ಲ, ಆದೇಶ ಹಿಂದಕ್ಕೆ ಪಡೆದರೆ ರಸ್ತೆ ಮತ್ತೆ ತೆರೆದುಕೊಳ್ಳುವ ಭಯವೂ ಇಲ್ಲ. ಬ್ಯಾರಿಕೇಡಿನ ಮೇಲೆ ನಿಂತ ನಿಷೇಧವನ್ನು ಒಂದು ಸುತ್ತೋಲೆ ಅಳಿಸಬಲ್ಲದು. ಮಣ್ಣು ತುಂಬಿ ಹುಲ್ಲು ಬೆಳೆದ ರಸ್ತೆಯನ್ನು ಅಳಿಸುವುದು ಅಷ್ಟು ಸುಲಭವಲ್ಲ.

ಹೊರಗಿನ ರಸ್ತೆಗಳ ಗತಿ ಏನು ಅಂತ ಕೇಳುತ್ತೀರಿ. ಕಸ್ತೂರಬಾ ರಸ್ತೆ, ನೃಪತುಂಗ ರಸ್ತೆ ಈಗಲೇ ತುಂಬಿ ತುಳುಕುತ್ತಿವೆ, ಇನ್ನಷ್ಟು ವಾಹನ ಬಂದರೆ ಏನು ಮಾಡುವುದು? ನಿಜವಾದ ಆತಂಕ. ಇದಕ್ಕೆ ಉತ್ತರ ಅನುಭವದಲ್ಲಿದೆ. ಸಾರಿಗೆ ಸಂಶೋಧಕಿ ಸ್ಯಾಲಿ ಕೇರ್ನ್ಸ್ ಮತ್ತು ಜೊತೆಗಾರರು ಹನ್ನೊಂದು ದೇಶಗಳಲ್ಲಿ ರಸ್ತೆ ಮುಚ್ಚಿದ ಅಥವಾ ಕಿರಿದು ಮಾಡಿದ ಎಪ್ಪತ್ತಕ್ಕೂ ಹೆಚ್ಚು ಪ್ರಕರಣಗಳನ್ನು ನೋಡಿ 2002ರಲ್ಲಿ ವರದಿ ಬರೆದರು. ಬಹಳ ಕಡೆ ನಿರೀಕ್ಷಿಸಿದ ಅನಾಹುತ ಆಗಲಿಲ್ಲ. ಆ ರಸ್ತೆ ಬಳಸುತ್ತಿದ್ದ ವಾಹನಗಳಲ್ಲಿ ಒಂದು ಪಾಲು ಸುತ್ತಲಿನ ರಸ್ತೆಗಳಲ್ಲಿಯೂ ಕಾಣಿಸಲಿಲ್ಲ. ಜನ ಹೊತ್ತು ಬದಲಿಸಿದರು, ದಾರಿ ಬದಲಿಸಿದರು, ಬಸ್ಸು ಹಿಡಿದರು, ಎರಡು ಕೆಲಸವನ್ನು ಒಂದೇ ಓಡಾಟದಲ್ಲಿ ಮುಗಿಸಿದರು. ದಕ್ಷಿಣ ಕೊರಿಯಾದ ಸೋಲ್ ನಗರ ಇದಕ್ಕಿಂತ ದೊಡ್ಡ ಸಾಹಸ ಮಾಡಿತು. ಚಂಗ್ಯೆಚನ್ ಎಂಬ ಹಳ್ಳದ ಮೇಲೆ ಕಟ್ಟಿದ್ದ ಮೇಲ್ಸೇತುವೆ ಹೆದ್ದಾರಿಯನ್ನು 2003ರಲ್ಲಿ ಕೆಡವಲು ಶುರುಮಾಡಿ, 2005ರಲ್ಲಿ ಹಳ್ಳವನ್ನು ಜನರಿಗೆ ಮರಳಿಸಿತು. ಜೊತೆಗೆ ಬಸ್ ವ್ಯವಸ್ಥೆಯನ್ನೂ ಸುಧಾರಿಸಿತು. ಜೊತೆಗೆ ಅನ್ನುವುದು ಮುಖ್ಯ. ನಮ್ಮಲ್ಲಿ ಪಾರ್ಕಿನ ಅಂಚಿನಲ್ಲೇ, ಮಿನ್ಸ್ಕ್ ಚೌಕದ ಕೆಳಗೆ, 2016ರ ಏಪ್ರಿಲ್ 30ರಿಂದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಇದೆ. ಅದರ ಮುಂದಿನ ನಿಲ್ದಾಣಗಳು ವಿಧಾನಸೌಧ, ಸರ್ ಎಂ. ವಿಶ್ವೇಶ್ವರಯ್ಯ. ಪಾರ್ಕಿಗೆ ಇಷ್ಟು ಹತ್ತಿರ ಇಷ್ಟು ಒಳ್ಳೆಯ ಸಾರಿಗೆ ಹಿಂದೆ ಯಾವಾಗಲೂ ಇರಲಿಲ್ಲ.

ರಸ್ತೆ ಬಿಡಿಸಿಕೊಂಡ ಮೇಲೆ ಆ ನೆಲವನ್ನು ಏನು ಮಾಡಬೇಕು? ಇಲ್ಲಿ ನನಗೆ ಒಂದು ಭಯವಿದೆ. ಡಾಂಬರು ಕಿತ್ತು ಅದೇ ಜಾಗದಲ್ಲಿ ಗ್ರಾನೈಟ್ ಚಪ್ಪಡಿ, ಸಿಮೆಂಟ್ ಇಟ್ಟಿಗೆ ಹಾಸಿ, ಅಲಂಕಾರದ ದೀಪ ನೆಟ್ಟು, ಅಭಿವೃದ್ಧಿ ಆಯಿತು ಅಂದುಬಿಡುವುದು. ಬೇರಿಗೆ ಡಾಂಬರು, ಗ್ರಾನೈಟು ಎರಡೂ ಒಂದೇ. ನಡೆಯುವವರಿಗೆ, ಗಾಲಿಕುರ್ಚಿಗೆ, ಆಂಬುಲೆನ್ಸಿಗೆ ಬೇಕಾದಷ್ಟು ಅಗಲದ ಗಟ್ಟಿ ದಾರಿ ಇರಲಿ. ಉಳಿದದ್ದರಲ್ಲಿ ಜಲ್ಲಿಯವರೆಗೂ ಅಗೆದು ತೆಗೆದು, ಗಟ್ಟಿಯಾದ ಮಣ್ಣನ್ನು ಬೇರಿಗೆ ಏಟಾಗದಂತೆ ಸಡಿಲಿಸಿ, ಎಲೆಗೊಬ್ಬರ ಹಾಸಿ, ಬಿಡಬೇಕು. ಇದು ಜೆಸಿಬಿಯ ಕೆಲಸವಲ್ಲ, ಕೈಯ ಕೆಲಸ, ನಿಧಾನದ ಕೆಲಸ.

ಕೈಯ ಕೆಲಸದಿಂದ ಏನಾಗುತ್ತದೆ ಅನ್ನುವುದಕ್ಕೆ ಪಾರ್ಕಿನಲ್ಲೇ ಸಾಕ್ಷಿ ಇದೆ. ಕೆಲವು ವರ್ಷಗಳ ಹಿಂದೆ ಇಲ್ಲಿ ಹೂಳು ಕಸ ತುಂಬಿ ಮರೆತುಹೋಗಿದ್ದ ಏಳು ಹಳೆಯ ಬಾವಿಗಳನ್ನು ಶುಚಿ ಮಾಡಿದರು. ಮಾಡಿದವರು ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರ ಸಮುದಾಯದವರು. ಹಗ್ಗ ಹಿಡಿದು ಇಳಿದು, ಬುಟ್ಟಿ ಬುಟ್ಟಿ ಹೂಳೆತ್ತಿ, ಮೇಲೆ ನಿಂತವರು ಅದನ್ನು ಎಳೆದುಕೊಂಡು ಸುರಿದರು. ಜೊತೆಗೆ ಪಾರ್ಕಿನ ತಗ್ಗುಗಳಲ್ಲಿ ಇಂಗುಬಾವಿಗಳನ್ನು ತೋಡಿದರು. ಇಂಗುಬಾವಿ ಸರಳವಾದದ್ದು. ಗುಂಡಿ ತೋಡಿ ಸಿಮೆಂಟಿನ ಉಂಗುರಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ, ಉಂಗುರಗಳ ನಡುವೆ ಗಾರೆ ಹಾಕುವುದಿಲ್ಲ, ಸುತ್ತ ಜಲ್ಲಿ ತುಂಬುತ್ತಾರೆ, ತಳ ಮಣ್ಣಿನದೇ. ಹರಿದು ಬಂದ ಮಳೆನೀರು ಅದರೊಳಗೆ ಇಳಿದು ಸದ್ದಿಲ್ಲದೆ ಭೂಮಿಗೆ ಸೇರುತ್ತದೆ. ಬೆಂಗಳೂರಿನ ವರ್ಷದ ಮಳೆ ಸುಮಾರು 97 ಸೆಂಟಿಮೀಟರ್. ಅಂದರೆ ಒಂದು ಎಕರೆ ನೆಲದ ಮೇಲೆ ವರ್ಷಕ್ಕೆ 39 ಲಕ್ಷ ಲೀಟರ್ ನೀರು ಬೀಳುತ್ತದೆ. ಆ ಎಕರೆ ಡಾಂಬರಾಗಿದ್ದರೆ ಬಹುಪಾಲು ಮೋರಿಗೆ. ಮಣ್ಣಾಗಿದ್ದರೆ, ಎಲೆ ಹಾಸಿದ್ದರೆ, ಇಂಗುಬಾವಿ ಇದ್ದರೆ ಬೇರಿಗೆ, ಬಾವಿಗೆ. ಪಕ್ಕದ ಸಂಪಂಗಿ ಕೆರೆಯನ್ನು ನಾವು ಉಳಿಸಿಕೊಳ್ಳಲಿಲ್ಲ. ಅದರ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ, ಕರಗದ ಪೂಜೆಗೆ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಅದರ ಮೇಲ್ಗಡೆಯ ಪಾರ್ಕಿನ ನೆಲವನ್ನಾದರೂ ನೀರು ಕುಡಿಯಲು ಬಿಡೋಣ.

ಇನ್ನು ಹಕ್ಕಿ, ಹುಳು, ಅಳಿಲುಗಳ ಮನೆಯ ವಿಷಯ. ಕಬ್ಬನ್ ಪಾರ್ಕ್ ಚಾರಿತ್ರಿಕ ಉದ್ಯಾನ, ಕಾಡಲ್ಲ. ಇಲ್ಲಿನ ಮಳೆಮರ, ಜಕರಂಡ, ಟಬೂಬಿಯ ಅಮೆರಿಕಾ ಖಂಡದವು, ಗುಲ್‌ಮೊಹರ್ ಮಡಗಾಸ್ಕರಿನದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಇವನ್ನು ಕಡಿದು ನಾಡಿನ ಮರ ನೆಡಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅವು ಈ ಊರಿನ ನೆನಪಿನ ಭಾಗ, ಹದ್ದು ಗೂಡು ಕಟ್ಟುವುದು ಅವುಗಳ ಮೇಲೆ. ವಯಸ್ಸಾಗಿ ಒಂದೊಂದೇ ಬಿದ್ದಾಗ ಸಾಲುಮರದ ಸಾಲಿನಲ್ಲಿ ಅದೇ ಜಾತಿಯದನ್ನು ನೆಟ್ಟು ಹಳೆಯ ನೋಟ ಉಳಿಸಲಿ. ಸಾಲಿನ ಒಳಗಡೆ, ರಸ್ತೆಯಿಂದ ಮರಳಿ ಬಂದ ನೆಲದಲ್ಲಿ, ಅತ್ತಿ, ಬಸರಿ, ನೇರಳೆ, ಹೊಂಗೆ, ಸಂಪಿಗೆ ಬರಲಿ. ಅತ್ತಿಯ ಜಾತಿಯ ಮರಗಳು ಬೇರೆ ಬೇರೆ ಹೊತ್ತಿನಲ್ಲಿ ಹಣ್ಣು ಬಿಡುವುದರಿಂದ ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳಿಗೆ ಬೇರೆ ಹಣ್ಣಿಲ್ಲದ ದಿನಗಳಲ್ಲೂ ಊಟ ಸಿಗುತ್ತದೆ. ಕೆಳಗೆ ಕರಿಬೇವು, ನಿಂಬೆಯ ಜಾತಿಯ ಪೊದೆಗಳಿದ್ದರೆ ಚಿಟ್ಟೆ ಮೊಟ್ಟೆ ಇಡುತ್ತದೆ, ಬಿಸಿಲಿನ ಮೂಲೆಯಲ್ಲಿ ಎಕ್ಕದ ಗಿಡ ಇದ್ದರೆ ಇನ್ನೊಂದು ಜಾತಿಯ ಚಿಟ್ಟೆ.

ಒಣಗಿದ ಕೊಂಬೆಯ ಬಗ್ಗೆ ಒಂದು ಮಾತು. ಕುಟ್ರುಹಕ್ಕಿಯ ಕೊಕ್ಕು ಗಟ್ಟಿಮರ ಕೊರೆಯುವಷ್ಟು ಬಲವಾದುದಲ್ಲ, ಅದು ಸತ್ತು ಮೆತ್ತಗಾದ ಕೊಂಬೆಯ ಅಡಿಬದಿಯಲ್ಲಿ ದುಂಡನೆಯ ತೂತು ಕೊರೆದು ಗೂಡು ಮಾಡುತ್ತದೆ. ಅದು ಬಿಟ್ಟುಹೋದ ಪೊಟರೆಗೆ ಬೇರೆ ಹಕ್ಕಿಗಳು ಬರುತ್ತವೆ. ಗಿಳಿ, ಗೊರವಂಕ, ಹಾಲಕ್ಕಿ ಎಲ್ಲವೂ ಪೊಟರೆ ಹುಡುಕುವ ಬಾಡಿಗೆದಾರರೇ. ಅಂದಕ್ಕೆಂದು ಒಣಕೊಂಬೆಗಳನ್ನೆಲ್ಲ ಕತ್ತರಿಸಿದರೆ ಇವೆಲ್ಲಕ್ಕೂ ಮನೆ ಇಲ್ಲ. ಜನ ನಡೆಯುವ ಹಾದಿಯ ಮೇಲೆ ಚಾಚಿದ ಒಣಕೊಂಬೆ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾದಿಯಿಂದ ದೂರದ ಕೊಂಬೆಯನ್ನು ಬಿಡಬಹುದಲ್ಲ? ವಾಹನದ ದಾರಿ ಕಡಿಮೆಯಾದರೆ ಹಾಗೆ ಬಿಡಬಹುದಾದ ಮರಗಳ ಸಂಖ್ಯೆ ತಾನಾಗಿ ಹೆಚ್ಚುತ್ತದೆ. ಉದುರಿದ ಎಲೆಗೂ ಇದೇ ಮಾತು. ಗುಡಿಸಿ ಬೋಳು ಮಾಡಿದ ನೆಲದಲ್ಲಿ ಎರೆಹುಳು ಇರುವುದಿಲ್ಲ, ಹುಳು ಕೆದಕುವ ಹಕ್ಕಿಯೂ ಬರುವುದಿಲ್ಲ.

ಪೊದೆ ಬೆಳೆಸಿದರೆ ಹೆಣ್ಣುಮಕ್ಕಳ ಸುರಕ್ಷತೆ ಏನು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಹಾದಿಯ ಎರಡೂ ಬದಿ ಕಣ್ಣಿಗೆ ಅಡ್ಡವಿಲ್ಲದಂತೆ ತೆರೆದಿರಲಿ, ದಟ್ಟ ಪೊದೆ ಹಾದಿಯಿಂದ ದೂರದ ಗುರುತಿಸಿದ ತುಣುಕುಗಳಲ್ಲಿ ಮಾತ್ರ ಇರಲಿ, ಅಲ್ಲಿಗೆ ಬೇಲಿ ಹಾಕಿ ಜನ ಹೋಗದಂತೆ ಮಾಡಲಿ. ಸೆಂಟ್ರಲ್ ಪಾರ್ಕಿನಲ್ಲಿ ನಾಲ್ಕು ಎಕರೆಯಷ್ಟು ಜಾಗವನ್ನು 1934ರಲ್ಲಿ ಹಕ್ಕಿಗಳಿಗೆಂದು ಬೇಲಿ ಹಾಕಿ ಬಿಟ್ಟರು. ಬಿಟ್ಟು ಸುಮ್ಮನಿದ್ದುದರಿಂದ ಹೊರಗಿನ ಬಳ್ಳಿ ಗಿಡಗಳು ಅಲ್ಲಿ ಮುತ್ತಿಕೊಂಡವು. ಈ ಶತಮಾನದ ಆರಂಭದಿಂದ ಅವನ್ನು ಕಿತ್ತು ಅಲ್ಲಿಯ ನೆಲದ ಗಿಡಗಳನ್ನು ನೆಡುತ್ತಾ ಬಂದು, 2016ರಲ್ಲಿ ಮಿತವಾಗಿ ಜನರಿಗೆ ತೆರೆದರು. ಬೇಲಿ ಹಾಕಿದರೆ ಕೆಲಸ ಮುಗಿಯುವುದಿಲ್ಲ, ಆಮೇಲೂ ವರ್ಷ ವರ್ಷ ಕೈ ಹಾಕುತ್ತಿರಬೇಕು ಅನ್ನುವುದು ಅಲ್ಲಿಂದ ನಾವು ಕಲಿಯಬೇಕಾದದ್ದು. ನಮ್ಮ ತೋಟಗಾರಿಕೆ ಇಲಾಖೆಯ ಮಾಲಿಗಳಿಗೆ ಈ ಕೆಲಸ ಕಲಿಸಿ, ಅವರ ಸಂಖ್ಯೆ ಹೆಚ್ಚಿಸಿ, ಕಾಯಂ ಕೆಲಸ ಕೊಟ್ಟರೆ ಯಾವ ಅಲಂಕಾರದ ಯೋಜನೆಗಿಂತಲೂ ಹೆಚ್ಚು ಫಲ ಸಿಗುತ್ತದೆ.

ರಾತ್ರಿಯ ದೀಪಗಳ ವಿಚಾರವನ್ನೂ ಹೇಳಬೇಕಿತ್ತು. ಬೆಳಕು ಮೇಲಕ್ಕೆ ಚೆಲ್ಲದೆ ಹಾದಿಯ ಮೇಲೆ ಮಾತ್ರ ಬೀಳುವಂತೆ ಮರೆ ಕಟ್ಟಿದರೆ ಬಾವಲಿಗೂ ಹಾಲಕ್ಕಿಗೂ ಉಪಕಾರ. ಅಷ್ಟು ಸಾಕು.

ಕೇಳುಗರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪಾರ್ಕಿನ ರಸ್ತೆಗಳ ಬಗ್ಗೆ ಸರ್ಕಾರ ಮತ್ತೆ ಅಭಿಪ್ರಾಯ ಕೇಳಿದಾಗ ಸುಮ್ಮನಿರಬೇಡಿ. ವಾಹನ ಬಿಡಿ ಎನ್ನುವವರ ಪತ್ರಗಳು ತಪ್ಪದೆ ತಲುಪುತ್ತವೆ, ಬೇಡ ಎನ್ನುವವರು ಮನೆಯಲ್ಲಿ ಮಾತಾಡಿ ಬಿಟ್ಟುಬಿಡುತ್ತಾರೆ. ತೋಟಗಾರಿಕೆ ಇಲಾಖೆಗೆ, ಸಂಚಾರ ಪೊಲೀಸರಿಗೆ, ನಿಮ್ಮ ಶಾಸಕರಿಗೆ ನಾಲ್ಕು ಸಾಲು ಬರೆಯಿರಿ. ಭಾನುವಾರದ ಬಿಡುವು ವಾರವಿಡೀ ಬೇಕು, ಹಾದುಹೋಗುವ ರಸ್ತೆಯನ್ನು ಮುಚ್ಚಿ ಪ್ರತಿ ಸಂಸ್ಥೆಗೂ ಅಂಚಿನಿಂದ ದಾರಿ ಕೊಡಿ, ಬಿಡಿಸಿದ ನೆಲವನ್ನು ಮಣ್ಣಾಗಿಯೇ ಉಳಿಸಿ ಎಂದು ಕೇಳಿ. ಹೈಕೋರ್ಟಿಗೋ ವಿಧಾನಸೌಧಕ್ಕೋ ಹೋಗುವ ಕೆಲಸವಿದ್ದರೆ ಮೆಟ್ರೊದಲ್ಲಿ ಬಂದು ಮಿನ್ಸ್ಕ್ ಚೌಕದಲ್ಲಿ ಇಳಿಯಿರಿ. ಅಲ್ಲಿಂದ ಪಾರ್ಕಿನೊಳಗೆ ನಡೆದುಹೋಗುವ ದಾರಿ ಈಗಾಗಲೇ ಇದೆ.